ಬಾರದ ಮುಟ್ಟಿಗೆ ಹಾಸಿದ ಚಾಪೆ

ನಮ್ಮ ಚಾಳದಲ್ಲಿ ಯಾವ ಹೆಂಗಸೂ ತನ್ನ ಮುಟ್ಟಿನ ಸುದ್ದಿಯನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಹೊನ್ನಾವರದ ಬಂದರಿಗೆ ಹೋಗುವ ದಾರಿಯಲ್ಲಿ ಸಾಲಾಗಿ ನಾಲ್ಕು ಬಾಡಿಗೆ ಮನೆಗಳು, ಎಲ್ಲಕ್ಕೂ ಸೇರಿ ಹಿಂದುಗಡೆ ಒಂದೇ ಬಾವಿ. ಬಾವಿಯ ಕಡೆಗಿನ ಹಿಂಜಗಲಿಯಲ್ಲಿ ಚಾಪೆ, ತಟ್ಟೆ, ಚೊಂಬು ಇಟ್ಟುಕೊಂಡು ಯಾರು ಕೂತಿದ್ದಾರೋ ಅವರು ಹೊರಗೆ. ಮೂರು ದಿನ ಅಡುಗೆಮನೆಗೂ ದೇವರ ಕೋಣೆಗೂ ಕಾಲಿಡುವಂತಿಲ್ಲ; ನಾಲ್ಕನೆಯ ದಿನ ತಲೆಗೆ ಮಿಂದು ಒಳಗೆ. ನೀರು ಸೇದಲು ಬಂದವರು ಸುಮ್ಮನೆ ಆಚೀಚೆ ಕಣ್ಣು ಹಾಯಿಸಿದರೆ ಸಾಕು, ಯಾರ ಮನೆಯ ಸೊಸೆಗೆ ಯಾವಾಗ ಆಗುತ್ತದೆ, ಯಾರಿಗೆ ತಪ್ಪಿದೆ ಎಂಬುದೆಲ್ಲ ತಿಳಿದುಹೋಗುತ್ತಿತ್ತು. ಗಂಡನಿಗಿಂತ ಮೊದಲು ಬಾವಿಕಟ್ಟೆಗೆ ತಿಳಿಯುತ್ತಿತ್ತು ಎಂದರೂ ಸುಳ್ಳಲ್ಲ.

ನನಗಂತೂ ಆ ಜಗಲಿ ನರಕವಾಗಿತ್ತು. ಮದುವೆಯಾಗಿ ಕುಮಟೆಯಿಂದ ಈ ಮನೆಗೆ ಬಂದಾಗ ಅಷ್ಟೇನೂ ಇರಲಿಲ್ಲ. ಆಮೇಲೆ ವರ್ಷದಿಂದ ವರ್ಷಕ್ಕೆ ನೋವು ಏರುತ್ತ ಹೋಯಿತು. ಸೊಂಟದೊಳಗೆ ಯಾರೋ ಹಗ್ಗ ಬಿಗಿದು ಎಳೆದ ಹಾಗೆ. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದೆ. ಕೂಗಿದರೆ ಬಾವಿಕಟ್ಟೆಗೆ ಕೇಳುತ್ತದಲ್ಲ! ಅತ್ತೆ ಜೀರಿಗೆ ಕಷಾಯವನ್ನು ದೂರದಿಂದಲೇ ಇಟ್ಟು, "ಎಲ್ಲಾ ಹೆಂಗಸ್ರಿಗೂ ಇಪ್ದೇಯ ತಂಗಿ. ಒಂದು ಹಡದ್ರೆ ಎಲ್ಲಾ ಸರಿ ಆಗ್ತು" ಎಂದು ಹೇಳಿ ಹೋಗುತ್ತಿದ್ದರು. ಒಂದು ಹಡೆಯುವುದೇ ಆಗುತ್ತಿರಲಿಲ್ಲ. ನೋವಿಗಿಂತ ಹೆಚ್ಚಾಗಿ ಆ ಮಾತು ನನ್ನನ್ನು ಕುಗ್ಗಿಸುತ್ತಿತ್ತು. ತಿಂಗಳು ತಿಂಗಳೂ ನಾನು ಆ ಚಾಪೆಯ ಮೇಲೆ ಕೂತದ್ದೇ ಮಗು ನಿಲ್ಲಲಿಲ್ಲ ಎಂಬ ಡಂಗುರ ಅಲ್ಲವೇ?

ಅರವತ್ತರ ದಶಕದ ನಡುವಿನ ಒಂದು ವರ್ಷ ಹೊಟ್ಟೆಯಲ್ಲಿ ಗಡ್ಡೆ ಕೈಗೆ ಸಿಕ್ಕಿತು. ಕುಮಟೆಯ ಡಾಕ್ಟರು ಒತ್ತಿ ನೋಡಿ, ಇದು ನನ್ನ ಕೈಲಾಗುವುದಲ್ಲ, ಹುಬ್ಬಳ್ಳಿಗೆ ಹೋಗಿ ಎಂದರು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದರು. ಅಲ್ಲಿದ್ದ ಡಾಕ್ಟರಮ್ಮ ನಡುವಯಸ್ಸಿನ ಹೆಂಗಸು, ಮಾತು ಒರಟು, ಕೈ ಮೃದು. ಗಡ್ಡೆಯೊಳಗೆ ಇದ್ದದ್ದು ಹಳೆಯ ರಕ್ತವಂತೆ, ಜೋನಿಬೆಲ್ಲದ ಹಾಗೆ ದಪ್ಪಗೆ, ಕಪ್ಪಗೆ. ಗರ್ಭಕೋಶದ ಒಳಗಿರಬೇಕಾದ ಪದರ ಹೊರಗೂ ಅಲ್ಲಿ ಇಲ್ಲಿ ಅಂಟಿಕೊಂಡು ಬೆಳೆದಿದೆ, ತಿಂಗಳಾದಾಗ ಅದೂ ರಕ್ತ ಬಿಡುತ್ತದೆ, ಆ ರಕ್ತಕ್ಕೆ ಹೊರಬರಲು ದಾರಿಯಿಲ್ಲ ಎಂದು ವಿವರಿಸಿದರು. ಅದಕ್ಕೊಂದು ಉದ್ದದ ಇಂಗ್ಲಿಷ್ ಹೆಸರು ಹೇಳಿದರು. ಹೆಸರು ಮರೆತುಹೋಯಿತು. ಆದರೆ ನನ್ನ ನೋವಿಗೂ ಒಂದು ಹೆಸರಿದೆ, ಅದು ನನ್ನ ಸೋಗಲ್ಲ ಎಂದು ತಿಳಿದು ಮಲಗಿದ್ದಲ್ಲೇ ಅತ್ತುಬಿಟ್ಟೆ.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಕೂತರು. "ನೋಡವಾ, ಕೊಯ್ದು ಎಲ್ಲಾ ತಗದಿಲ್ಲ. ತಗದರ ಗರ್ಭಕೋಶನೂ ಹೋಗತೈತಿ. ಹೊಸಾ ಗುಳಿಗಿ ಬಂದಾವ. ಒಂಬತ್ತು ತಿಂಗಳು ದಿನಾ ನುಂಗಬೇಕು, ನಡುವ ಬಿಡಬಾರದು. ಮುಟ್ಟು ನಿಲ್ಲತೈತಿ. ಮೈ ತಾನು ಬಸಿರು ಅಂತ ತಿಳಕೋತೈತಿ. ಆ ಹೊತ್ತಿನಾಗ ಹೊರಗಿನ ಪದರ ಒಣಗತೈತಿ" ಎಂದರು. ಆಮೇಲೆ ತೊಂದರೆಗಳನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು: ವಾಂತಿ ಬರುತ್ತದೆ, ಎದೆ ಬಿಗಿಯುತ್ತದೆ, ಮೈ ಊದುತ್ತದೆ, ಸುಮ್ಮಸುಮ್ಮನೆ ಅಳು ಬರುತ್ತದೆ, ಕೆಲವರಿಗೆ ಮುಖದ ಮೇಲೆ ಕೂದಲು ಹುಟ್ಟುತ್ತದೆ. ಔಷಧ ಮುಗಿದ ಮೇಲೆ ಮಗು ಆಗಲೂಬಹುದು, ಆಗದೆಯೂ ಇರಬಹುದು. "ಬ್ಯಾಡ ಅಂದರ ಬ್ಯಾಡ. ನೋವಿನ ಗುಳಿಗಿ ಕೊಟ್ಟು ಕಳಸ್ತೀನಿ. ನಿನ್ನ ಮನಸು ಹೇಳು."

ಇಪ್ಪತ್ತೇಳು ವರ್ಷದಲ್ಲಿ ನನ್ನ ಮನಸ್ಸನ್ನು ಯಾರೂ ಹಾಗೆ ಕೇಳಿರಲಿಲ್ಲ. ಸೀರೆಯ ಬಣ್ಣಕ್ಕೂ ಕೇಳಿರಲಿಲ್ಲ. "ಅವರನ್ನೇ ಕೇಳಿ" ಎಂದೆ. ಇವರು, ಅಂದರೆ ನನ್ನ ಗಂಡ, ರಸ್ತೆ ಇಲಾಖೆಯಲ್ಲಿ ಗುಮಾಸ್ತರು. ಹೆಂಗಸರ ವಾರ್ಡು ಎಂದು ನಾಚಿ ಹೊರಗಿನ ಬೇವಿನಮರದ ಕೆಳಗೆ ನಿಂತಿದ್ದರು. ಡಾಕ್ಟರಮ್ಮ ಕಿಟಕಿಯಿಂದ ಅವರನ್ನೊಮ್ಮೆ ನೋಡಿ, "ಗುಳಿಗಿ ನುಂಗಾಕಿ ನೀನೋ ಅವರೋ?" ಎಂದರು. ನಾನು ನೆಲ ನೋಡುತ್ತ, "ಕೊಡಿ" ಎಂದೆ.

ಆ ಗುಳಿಗೆ ಹೊನ್ನಾವರದಲ್ಲೂ ಕುಮಟೆಯಲ್ಲೂ ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ಇವರು ಅಲ್ಲಿ ಕೊಳ್ಳುತ್ತಿರಲಿಲ್ಲವೆನ್ನಿ. ಔಷಧದ ಅಂಗಡಿಯವನು ಎಂತಕ್ಕೆ, ಯಾರಿಗೆ ಎಂದು ಕೇಳಿದರೆ? ಇಲಾಖೆಯ ಕೆಲಸಕ್ಕೆ ಇವರು ತಿಂಗಳಿಗೊಮ್ಮೆ ಭಟ್ಕಳಕ್ಕೆ ಹೋಗುವುದಿತ್ತು. ಅಲ್ಲಿ ಒಬ್ಬ ವಯಸ್ಸಾದ ಸಾಹೇಬರ ಅಂಗಡಿ, ಅವರ ತಮ್ಮ ಬೊಂಬಾಯಿಯಿಂದ ಔಷಧ ಕಳಿಸುತ್ತಿದ್ದ. ಹೊಳೆಯಾಚೆ, ನಮ್ಮ ಪೈಕಿಯವರು ಯಾರೂ ಕಾಲಿಡದ ಅಂಗಡಿ. ಇವರು ಪೊಟ್ಟಣವನ್ನು ಕಚೇರಿಯ ಕಾಗದದಲ್ಲಿ ಸುತ್ತಿ ತಂದು, ಮುಖ ನೋಡದೆ ನನ್ನ ಕೈಗೆ ಹಾಕುತ್ತಿದ್ದರು. ಕಳ್ಳ ಮಾಲು ಸಾಗಿಸಿದ ಹಾಗೆ!

ಅತ್ತೆಗೆ ಯಾರು ಹೇಳಬೇಕು ಎಂಬುದೊಂದು ನಮ್ಮಿಬ್ಬರಲ್ಲಿ ತೀರ್ಮಾನವಾಗಲೇ ಇಲ್ಲ. "ನೀನೇ ಹೇಳು, ಹೆಂಗಸ್ರ ವಿಷಯ" ಎಂದು ಇವರು. ಗಂಡನೇ ಹೇಳಲಿ ಎಂದು ನಾನು. ಅಷ್ಟರಲ್ಲಿ ತಿಂಗಳು ಬಂತು, ಹೋಯಿತು. ಚಾಪೆ ಸುರುಳಿ ಬಿಚ್ಚಲಿಲ್ಲ. ಬೆಳಗ್ಗೆ ಎದ್ದರೆ ವಾಂತಿ. ಬಾವಿಕಟ್ಟೆಯ ಹತ್ತಿರವೇ ಒಂದೆರಡು ಸಲ ಆಯಿತು. ಅತ್ತೆ ಒಂದು ಮಾತೂ ಕೇಳಲಿಲ್ಲ. ನನ್ನ ಕೈಯಿಂದ ಕೊಡಪಾನ ಕಸಿದುಕೊಂಡರು. ಊಟಕ್ಕೆ ಅಪ್ಪೆಮಿಡಿ ಬಂತು, ಮಧ್ಯಾಹ್ನಕ್ಕೆ ಪತ್ರೊಡೆ ಬಂತು. ಅವರ ತವರು ಸಂತೆಗುಳಿಗೆ ಸುದ್ದಿಯೂ ಹೋಯಿತು. ಚಾಳದ ಹೆಂಗಸರು ನನ್ನನ್ನು ಕಂಡರೆ ಮುಸಿಮುಸಿ ನಗುತ್ತಿದ್ದರು.

ಕೊನೆಗೊಂದು ಮಧ್ಯಾಹ್ನ, ಅತ್ತೆ ನನ್ನ ತಲೆ ಬಾಚುತ್ತಿದ್ದಾಗ, ಹೇಳಿಬಿಟ್ಟೆ. ಮುಖ ಕಾಣದ್ದರಿಂದ ಧೈರ್ಯ ಬಂತು. ಬಸಿರಲ್ಲ ಅತ್ತೆ, ಗುಳಿಗೆಯಿಂದ ನಿಂತದ್ದು, ರೋಗ ಒಣಗುವವರೆಗೆ ಹೀಗೇ. ಬಾಚಣಿಗೆ ತಲೆಯಲ್ಲೇ ನಿಂತಿತು. ಅವರು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. "ನಾಲ್ಕು ಜನ್ರ ಹತ್ರ ಹೇಳಿ ಆಜು. ಈಗೆಂತ ಮಾಡವು?" ಎಂದರು. ಆ ದನಿಯಲ್ಲಿದ್ದ ಸಂಕಟಕ್ಕೆ ನನ್ನ ಮೈಯೆಲ್ಲ ಸಣ್ಣದಾಯಿತು.

ಆಮೇಲೆ ದಾರಿ ಹುಡುಕಿದವರೂ ಅವರೇ. ಬಸಿರಲ್ಲ ಎಂದು ಮನೆಮನೆಗೆ ಹೋಗಿ ಹೇಳುವುದು ಹೇಗೆ? ಗುಳಿಗೆಯ ಕತೆ ಹೇಳಿದರೆ ಮಗು ಆಗದ ಹಾಗೆ ಔಷಧ ತಿನ್ನುವ ಸೊಸೆ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಅದಕ್ಕೆ, "ಮುಟ್ಟಾಗದೇ ಇದ್ರೂ ಹೊರಗೆ ಕೂರು. ಜನ ನೋಡವು. ಅವ್ರೇ ತಿಳ್ಕತ್ತ" ಎಂದರು. ನಾನು ಹೂಂ ಎಂದೆ.

ಹಾಗೆ ಬಾರದ ಮುಟ್ಟಿಗೆ ನಾನು ಚಾಪೆ ಹಾಸಿ ಕೂತೆ. ಅತ್ತೆ ಪಂಚಾಂಗ ನೋಡಿ ದಿನ ಗೊತ್ತು ಮಾಡುತ್ತಿದ್ದರು. ಏಕಾದಶಿ ತಪ್ಪಿಸಿ, ಹಬ್ಬ ತಪ್ಪಿಸಿ, ದೇವರಿಗೂ ನಮಗೂ ಅನುಕೂಲವಾಗುವ ಹಾಗೆ. ಮೊದಲ ಸಲ ಕೂತಾಗ ಬಾವಿಕಟ್ಟೆಯ ಹೆಂಗಸರು ಬಸಿರು ಇಳಿದುಹೋಯಿತು ಎಂದುಕೊಂಡರು. ಪಕ್ಕದ ಮನೆಯ ಕೊಂಕಣಿ ಬಾಯಿ ದೂರದಿಂದ ಕಣ್ಣೊರೆಸಿಕೊಂಡು, "ಬೇಜಾರ್ ಮಾಡ್ಕಬೇಡ ಮಾರಾಯ್ತಿ, ಮತ್ತೆ ಆತದೆ" ಎಂದಳು. ಇರದ ಮಗುವಿಗೆ ಆಕೆ ಅತ್ತಳಲ್ಲ, ಆ ಕಣ್ಣೀರನ್ನು ನೆನೆದರೆ ಈಗಲೂ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸುತ್ತದೆ.

ಇನ್ನೊಂದು ನಾಚಿಕೆ ಇದಕ್ಕಿಂತ ದೊಡ್ಡದು. ಆ ಮೂರು ದಿನ ನನಗೆ ಸುಖವಾಗಿತ್ತು. ಕೆಲಸವಿಲ್ಲ, ಒಲೆಯ ಹೊಗೆಯಿಲ್ಲ, ನೋವಿಲ್ಲ. ಹಿಂದೆ ಮುದುಡಿ ಒದ್ದಾಡಿದ್ದ ಅದೇ ಜಾಗದಲ್ಲಿ ಕಾಲು ಚಾಚಿ ಕೂತು, ತಟ್ಟೆ ತುಂಬ ಉಂಡು, ಹಳೆಯ ವಾರಪತ್ರಿಕೆ ಓದುತ್ತಿದ್ದೆ. ಒಮ್ಮೆ ಏನೋ ಓದಿ ನಕ್ಕುಬಿಟ್ಟೆ. ಒಳಗಿನಿಂದ ಅತ್ತೆ, "ಏ, ಹೊಟ್ಟೆ ನೋಯ್ತಾ ಇದ್ದಾಂಗೆ ಮಾಡೇ!" ಎಂದು ಪಿಸುಗುಟ್ಟಿದರು. ನಾನು ಹೊಟ್ಟೆ ಹಿಡಿದುಕೊಂಡು ಗೋಡೆಗೆ ತಿರುಗಿದೆ. ನಗು ಇನ್ನೂ ಜಾಸ್ತಿ ಬಂತು.

ಮೈ ಮಾತ್ರ ಡಾಕ್ಟರಮ್ಮ ಹೇಳಿದಂತೆಲ್ಲ ಆಡಿತು. ರವಿಕೆಯ ಹೊಲಿಗೆ ಬಿಚ್ಚಿ ಬಿಚ್ಚಿ ಇನ್ನು ಬಿಚ್ಚಲು ಬಟ್ಟೆಯಿರಲಿಲ್ಲ. ಹದಿನಾರರ ಹುಡುಗಿಯ ಹಾಗೆ ಮೊಡವೆ. ಒಂದು ದಿನ ಕನ್ನಡಿಯಲ್ಲಿ ನೋಡಿದರೆ ಮೇಲ್ದುಟಿಯ ಮೇಲೆ ಸಣ್ಣಗೆ ಕಪ್ಪು ಗೆರೆ. ಥೂ! ಕಡಲೆಹಿಟ್ಟು, ಅರಿಸಿನ ಹಚ್ಚಿ ತಿಕ್ಕಿದೆ, ಚರ್ಮ ಕೆಂಪಾಯಿತೇ ಹೊರತು ಕೂದಲು ಹೋಗಲಿಲ್ಲ. ಯಾರ ಹತ್ತಿರ ಮಾತಾಡುವಾಗಲೂ ಸೆರಗು ಬಾಯಿಗೆ ಅಡ್ಡ. ಇವರು ರಾತ್ರಿ ಆಚೆ ತಿರುಗಿ ಮಲಗತೊಡಗಿದರು. ನನಗೂ ಅವರ ಮೈ ಬೇಕೆನಿಸುತ್ತಿರಲಿಲ್ಲ, ಆ ಬಯಕೆಯನ್ನೂ ಗುಳಿಗೆ ಒಣಗಿಸಿತ್ತು. ಹಾಗಿದ್ದರೂ ಅವರ ಬೆನ್ನು ನೋಡಿ ಅಳುತ್ತಿದ್ದೆ. ಇಷ್ಟೆಲ್ಲ ಆದರೂ ಗುಳಿಗೆ ಬಿಡಬೇಕೆಂದು ಒಂದು ದಿನವೂ ಅನ್ನಿಸಲಿಲ್ಲ. ಮೀಸೆ ಬೇಕೋ ಆ ನೋವು ಬೇಕೋ ಎಂದರೆ ನಾನು ಗಡ್ಡವನ್ನೂ ಸೇರಿಸಿ ಕೊಡಿ ಎನ್ನುವವಳು.

ಚೌತಿ ಹತ್ತಿರವಿದ್ದಾಗ ಇವರು ಭಟ್ಕಳದಿಂದ ಬರಿಗೈಯಲ್ಲಿ ಬಂದರು. "ಬೊಂಬಾಯಿಂದ ಮಾಲು ಬಂಜಿಲ್ಲೆ" ಎಂದರು. ಯಾವಾಗ ಬರುತ್ತದೆ ಎಂದು ಕೇಳಿದೆ. "ಅವಂಗೇ ಗೊತ್ತಿಲ್ಲೆ" ಎಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರು. ಡಬ್ಬಿಯಲ್ಲಿ ಉಳಿದಿದ್ದ ಗುಳಿಗೆಯನ್ನು ಅರ್ಧ ಅರ್ಧ ಮಾಡಿ ನುಂಗಿದೆ. ಅದೂ ಮುಗಿಯಿತು.

ಅತ್ತೆ ಜಾಣತನದಿಂದ ಚೌತಿಗೆ ಮುಂಚೆಯೇ ನನ್ನನ್ನು ಹೊರಗೆ ಕೂರಿಸಿ ಮುಗಿಸಿದ್ದರು. ಹಬ್ಬದ ಬೆಳಗ್ಗೆ ನಾನು ಮಡಿಯುಟ್ಟು ಚಕ್ಕುಲಿ ಕರಿಯುತ್ತಿದ್ದೆ. ದೇವರ ಕೋಣೆಯಲ್ಲಿ ಮಣ್ಣಿನ ಗಣಪತಿ ಕೂತಿದ್ದ, ಇವರು ಪೂಜೆಗೆ ಅಣಿ ಮಾಡುತ್ತಿದ್ದರು. ಹೊಟ್ಟೆಯಲ್ಲಿ ಆ ಹಳೆಯ ಹಗ್ಗ ಒಮ್ಮೆ ಬಿಗಿಯಿತು. ಎದ್ದು ನೋಡಿಕೊಂಡೆ. ಗುಳಿಗೆ ನಿಂತಿತ್ತು, ರಕ್ತ ಬಂದಿತ್ತು.

ಅತ್ತೆಯನ್ನು ಮೂಲೆಗೆ ಕರೆದು ಹೇಳಿದೆ. ಅವರ ಮುಖ ಬಿಳಿಚಿತು. ಹಿಂಬಾಗಿಲಿನಿಂದ ಬಾವಿಯ ಕಡೆ ನೋಡಿದರು. ಅಲ್ಲಿ ಹಬ್ಬದ ನೀರಿಗೆ ಚಾಳಕ್ಕೆ ಚಾಳವೇ ಸೇರಿತ್ತು. "ನೀ ಮೊನ್ನೆಯಷ್ಟೇ ಕೂತು ಎದ್ದಿದ್ದೆ. ಮತ್ತೆ ಕೂತ್ರೆ ಎಂತ ಹೇಳ್ತ?" ಎಂದರು. ಸ್ವಲ್ಪ ಹೊತ್ತು ಸೆರಗು ತಿರುವಿ, "ಇದು ಮುಟ್ಟಲ್ಲ. ಔಷಧದ್ದು. ಲೆಕ್ಕಕ್ಕಿಲ್ಲೆ. ಒಳಗೇ ಇರು, ದೇವ್ರ ಹತ್ರ ಹೋಗಡ ಅಷ್ಟೇಯ" ಎಂದರು.

ನನ್ನ ನೆರಳು ಉಪ್ಪಿನಕಾಯಿ ಭರಣಿಯ ಮೇಲೆ ಬಿದ್ದರೆ ಭರಣಿಯನ್ನೇ ಆಚೆ ಇಡುತ್ತಿದ್ದ ಹೆಂಗಸು! ಏನೂ ಇಲ್ಲದಾಗ ಹೊರಗೆ ಕೂತದ್ದು ಲೆಕ್ಕಕ್ಕೆ, ರಕ್ತ ಇಳಿಯುತ್ತಿರುವಾಗ ಲೆಕ್ಕಕ್ಕಿಲ್ಲ. ಆದರೂ ನಾನು ಮತ್ತೆ ಒಲೆಯ ಮುಂದೆ ಕೂತೆ. ಅಭ್ಯಾಸ. ಬಾಣಲೆಯ ಎಣ್ಣೆ ಕಣ್ಣೆದುರು ತಿರುಗುತ್ತಿತ್ತು. ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ್ದು ಒಮ್ಮೆಲೇ ಒದ್ದುಕೊಂಡು ಬಂದ ಹಾಗಿತ್ತು ಆ ನೋವು. ಎಷ್ಟು ಚಕ್ಕುಲಿ ಸುಟ್ಟೆನೋ. ಒಂದು ಗಳಿಗೆಯಲ್ಲಿ, ಇನ್ನು ಇಲ್ಲಿದ್ದರೆ ಬಾಣಲೆಯ ಮೇಲೇ ಬೀಳುತ್ತೇನೆ ಎನ್ನಿಸಿತು. ಜಾಲರಿ ಕೆಳಗಿಟ್ಟು, ಚಾಪೆ ಎಳೆದುಕೊಂಡು, ಹಿಂಜಗಲಿಗೆ ಹೋಗಿ ಬಿದ್ದುಕೊಂಡೆ. ಮಡಿಸೀರೆಯಲ್ಲೇ. ಎಲ್ಲರೆದುರೇ.

ಬಾವಿಯ ರಾಟೆ ನಿಂತಿತು. "ಮೊನ್ನೆ ಕೂತಿದ್ಯಲ್ಲೇ? ಮತ್ತೆ ಎಂತ?" ಎಂದು ಕೊಂಕಣಿ ಬಾಯಿಯೇ ಕೇಳಿದಳು.

"ಮೊನ್ನೆ ಕೂತಿದ್ದು ಸುಳ್ಳು. ಇವತ್ತಿಂದು ಖರೆ" ಎಂದೆ. ಬಾಯಿಂದ ಮಾತು ಹೊರಟದ್ದಷ್ಟೇ ಗೊತ್ತು. ಆಮೇಲೆ ನೋವಿನ ನಡುವೆಯೇ ಎಲ್ಲವನ್ನೂ ಹೇಳಿದೆ: ಗುಳಿಗೆ, ನಿಂತ ಮುಟ್ಟು, ಆಗದ ಬಸಿರು. ಸೆರಗು ಬಾಯಿಗೆ ಅಡ್ಡ ಇರಲಿಲ್ಲ, ಮೀಸೆಯೂ ಕಂಡಿರಬೇಕು. ಒಬ್ಬೊಬ್ಬರೇ ಕೊಡ ಎತ್ತಿಕೊಂಡು ಹೋದರು. ಆ ದಿನ ನಮ್ಮ ಗಣಪತಿಯನ್ನು ನೋಡಲು ಚಾಳದವರು ಯಾರೂ ಬರಲಿಲ್ಲ. ಮಾಡಿದ ಪಂಚಕಜ್ಜಾಯ ಹಾಗೇ ಉಳಿಯಿತು. ಅತ್ತೆ ಬಾಗಿಲ ಒಳಗೆ ಕೂತು ಸದ್ದಿಲ್ಲದೆ ಅಳುತ್ತಿದ್ದರು. ಮೈಮೇಲಿನ ನೂರು ನಾಚಿಕೆಗಳನ್ನು ತಡೆದುಕೊಂಡಿದ್ದೆ, ಅವರ ಆ ಅಳುವನ್ನು ತಡೆದುಕೊಳ್ಳುವುದು ಕಷ್ಟವಾಯಿತು. ಹತ್ತಿರ ಹೋಗೋಣವೆಂದರೆ ಹೊರಗಾದವಳು ಮುಟ್ಟುವಂತಿಲ್ಲ.

ಮಿಂದು ಒಳಗೆ ಬಂದ ಮಾರನೆಯ ದಿನ, ಇವರು ಕಚೇರಿಗೆ ಹೋದ ಮೇಲೆ, ಡಾಕ್ಟರಮ್ಮನ ಚೀಟಿ ಕುಪ್ಪಸದೊಳಗೆ ಇಟ್ಟುಕೊಂಡು ಹೊರಟೆ. "ಭಟ್ಕಳಕ್ಕೆ ಹೋಗ್ಬತ್ತಿ" ಎಂದೆ. ಅತ್ತೆ, "ಯಾರ ಸಂಗಡ?" ಎಂದರು. "ಒಬ್ಳೇಯ" ಎಂದೆ. ಅವರು ತಡೆಯಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಲಾಂಚಿನಲ್ಲಿ ಶರಾವತಿ ದಾಟಿ, ಆಚೆ ದಡದಲ್ಲಿ ಬಸ್ಸು ಹಿಡಿದೆ. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಮಾಲು ಬಂದಿರದಿದ್ದರೆ ಬೊಂಬಾಯಿಯ ವಿಳಾಸವನ್ನಾದರೂ ಕೇಳಿಕೊಂಡು ಬರುತ್ತೇನೆ ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದೆ.

ಅಂಗಡಿಯಲ್ಲಿ ಬರೀ ಗಂಡಸರು. ಸೆರಗು ಹೊದ್ದು ಮೂಲೆಯಲ್ಲಿ ನಿಂತು ಎಲ್ಲರೂ ಹೋಗಲಿ ಎಂದು ಕಾದೆ. ಒಬ್ಬರು ಹೋದರೆ ಇಬ್ಬರು ಬರುತ್ತಿದ್ದರು. ಕೊನೆಗೆ ಸಾಹೇಬರೇ ಕೈಚಾಚಿದರು, ಚೀಟಿ ಕೊಟ್ಟೆ. ಕನ್ನಡಕ ಏರಿಸಿ ಓದಿ, "ಅರೇ, ನಿಮ್ಮ ಯಜಮಾನ್ರು ಇನ್ನು ಬೇಡ ಅಂದ್ರಲ್ಲ ಬಾಯಿ? ಮಾಲು ಆವತ್ತೇ ಬಂದಿತ್ತು. ವಾಪಸ್ ಕಳ್ಸೋಣ ಅಂತ ತೆಗೆದಿಟ್ಟಿದ್ದೆ" ಎಂದರು.

ಅಷ್ಟು ಗಂಡಸರ ಎದುರಿಗೆ ನನ್ನ ಗಂಡ ನನಗೆ ಹೇಳಿದ ಸುಳ್ಳು ಬಯಲಾಗಿತ್ತು. ಅವರಿಗೆ ಅದು ತಿಳಿಯದಿರಬಹುದು, ನನಗೆ ಮಾತ್ರ ಬೀದಿಯಲ್ಲಿ ಸೀರೆ ಜಾರಿದ ಹಾಗಾಯಿತು. ತಲೆಯೆತ್ತದೆ, "ಬೇಕು" ಎಂದೆ. ಸಾಹೇಬರಿಗೆ ಏನು ಅರ್ಥವಾಯಿತೋ, ಮತ್ತೇನೂ ಕೇಳದೆ ಪೊಟ್ಟಣ ತೆಗೆದು ಕೊಟ್ಟರು.

ಸಂಜೆ ಇವರು ಬಂದು ಕೈಕಾಲು ತೊಳೆದು ಆಸರಿಗೆಗೆ, ಚಾ ಕುಡಿಯಲು, ಕೂತಾಗ, ಪೊಟ್ಟಣವನ್ನು ಚಾ ಲೋಟದ ಪಕ್ಕದಲ್ಲಿಟ್ಟೆ. ಅತ್ತೆ ಅಲ್ಲೇ ಬತ್ತಿ ಹೊಸೆಯುತ್ತಿದ್ದರು. ಇವರು ನೋಡಿದರು.

"ಎಲ್ಲಿ ಸಿಕ್ತು?"

"ನಿಂಗ ಬಿಟ್ಟಿಕ್ಕಿ ಬಂದಲ್ಲೇಯ."

ಇವರ ಮುಖ ಕಪ್ಪಿಟ್ಟಿತು. ಲೋಟವನ್ನೇ ನೋಡುತ್ತ ಮಾತಾಡಿದರು. ಕೆಟ್ಟ ಮನುಷ್ಯರಲ್ಲ ಅವರು. ನನ್ನ ಮುಖ ನೋಡಿ ಹೆದರಿದ್ದರಂತೆ. ಇನ್ನೂ ನುಂಗಿದರೆ ನಾನು ಹೆಂಗಸಾಗಿ ಉಳಿಯುತ್ತೇನೋ ಇಲ್ಲವೋ, ಮಗು ಎಂಬುದು ಆಗುತ್ತದೋ ಇಲ್ಲವೋ ಎಂದು ನಿದ್ದೆ ಬರುತ್ತಿರಲಿಲ್ಲವಂತೆ. ನಡುವೆ ಬಿಡಬಾರದೆಂದು ಡಾಕ್ಟರಮ್ಮ ಹೇಳಿದ್ದು ಬೇವಿನಮರದ ಕೆಳಗೆ ನಿಂತವರಿಗೆ ಕೇಳಿರಲಿಲ್ಲ. "ಈಗ ಚಾಳಕ್ಕೆಲ್ಲಾ ಗೊತ್ತಾಜು. ಕಚೇರಿಲೂ ಕೇಳ್ತ. ನಂಗೆ ತಲೆ ಎತ್ಲೆ ನಾಚ್ಕೆ ಆಗ್ತು" ಎಂದರು.

"ನಂಗೂ ನಾಚ್ಕೆ ಆಗ್ತು" ಎಂದೆ. "ನೋವು ಮಾತ್ರ ನಂಗೊಬ್ಳಿಗೇಯ."

ಅತ್ತೆಯ ಕೈಯಲ್ಲಿ ಬತ್ತಿ ಅರ್ಧಕ್ಕೇ ನಿಂತಿತ್ತು. ನಾನು ಇಬ್ಬರ ಎದುರಿಗೇ ಪೊಟ್ಟಣ ಬಿಚ್ಚಿ ಒಂದು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು, ಇವರ ಲೋಟದ ಚಾ ಕುಡಿದು ನುಂಗಿದೆ.